ಎಲುಬಿನೊಳಗಿನ ಬೇನೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ನನ್ನನ್ನು ಕೇಳಿದಾಗ, ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವೆನೆಂದು ಅವರು ಎಣಿಸಿದ್ದರೆ ಅದರಲ್ಲಿ ತಪ್ಪಿಲ್ಲ. ವಿದ್ವಾನ್ ಪರೀಕ್ಷೆಗೆ ಓದಿ, ಪ್ರೌಢಶಾಲೆಯ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ಬಂದ ನನ್ನಂತಹವನಿಂದ ಮತ್ತೇನನ್ನು ನಿರೀಕ್ಷಿಸಲಾದೀತು? ಆದರೆ ಈ ಸಲ ನಾನು ಆರಿಸಿಕೊಂಡ ವಿಷಯವು ಒಂದು ರೋಗ. ನಾನು ವೈದ್ಯನಲ್ಲ. ವೈದ್ಯರು ಹೇಳಿದುದನ್ನು ಕೇಳಿ, ಪುಸ್ತಕಗಳನ್ನು ಓದಿ, ತಿಳಿದವರಲ್ಲಿ ವಿಚಾರಿಸಿ ಗ್ರಹಿಸಿದುದನ್ನು ನಮ್ಮ ಭಾಷೆಯಲ್ಲಿ ನಿಮ್ಮ ಮುಂದಿಡುತ್ತೇನೆ. ಹೀಗೆ ಮಾಡಬೇಕೆಂದು ತೋರಿದುದಕ್ಕೆ ಕಾರಣವೊಂದಿದೆ. ಮೊದಲು ಅದನ್ನೇ ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪೇಟೆಯಲ್ಲಿ ಎದುರಾದನು. ಅವನಿಗೆ ಆಗ ಮೂವತ್ತೆರಡು ವರ್ಷ. ಅಡಕೆ ಮರ ಹತ್ತಿ ಕೊಯ್ಯುವುದರಲ್ಲಿಯೂ ಮದ್ದು ಬಿಡುವುದರಲ್ಲಿಯೂ ಅವನನ್ನು ಮೀರಿಸುವವರು ಆ ಸುತ್ತಿನಲ್ಲಿ ವಿರಳ. "ಮಾಷ್ಟ್ರೇ, ಸೊಂಟದಲ್ಲಿ ಬೇನೆ ಉಂಟು. ಎರಡು ತಿಂಗಳಾಯಿತು, ರಾತ್ರಿ ನಿದ್ರೆಯೇ ಇಲ್ಲ" ಎಂದನು. ನಾನು ನಕ್ಕು, "ಮರ ಹತ್ತುವವನಿಗೆ ಸೊಂಟ ನೋಯದೆ ಕುರ್ಚಿಯಲ್ಲಿ ಕುಳಿತವನಿಗೆ ನೋಯುವುದೇ?" ಎಂದು ಕೇಳಿ, ಒಂದು ಎಣ್ಣೆಯ ಹೆಸರನ್ನು ಹೇಳಿ ಕಳುಹಿಸಿದೆನು. ಅವನೂ ನಕ್ಕನು. ಗುರುಗಳು ಹೇಳಿದ ಮೇಲೆ ಮುಗಿಯಿತೆಂದು ಎಣ್ಣೆ ಹಚ್ಚಿಸಿಕೊಂಡನು. ಅಂಗಡಿಯಿಂದ ನೋವಿನ ಮಾತ್ರೆಗಳನ್ನು ತಂದು ನುಂಗುತ್ತ ಮತ್ತೆ ಮೂರು ತಿಂಗಳು ಮರ ಹತ್ತಿದನು. ಒಂದು ಮುಂಜಾನೆ ನೀರಿನ ಕೊಡವನ್ನು ಎತ್ತುವಾಗ ಬೆನ್ನಿನಲ್ಲಿ ಏನೋ ಮುರಿದಂತಾಗಿ ಅಂಗಳದಲ್ಲಿ ಕುಸಿದನು. ಅವನ ಬೆನ್ನುಮೂಳೆಯ ಮಣಿಯೊಂದು ಒಳಗಿನಿಂದ ಟೊಳ್ಳಾಗಿ ಜಜ್ಜಿಹೋಗಿತ್ತು. ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು, ಮೂತ್ರಪಿಂಡಗಳು ಸೋಲತೊಡಗಿದ್ದವು. ಮಜ್ಜೆಯ ಪರೀಕ್ಷೆಯಾದ ಬಳಿಕ ವೈದ್ಯರು ರೋಗದ ಹೆಸರನ್ನು ಹೇಳಿದರು: ಮಲ್ಟಿಪಲ್ ಮೈಲೋಮಾ.

ಆ ಎಣ್ಣೆಯ ಹೆಸರನ್ನು ಹೇಳಿದ ನಾಲಗೆಯೇ ಇಂದು ನಿಮ್ಮ ಮುಂದೆ ಮಾತನಾಡುತ್ತಿದೆ. ಅವನ ಒಪ್ಪಿಗೆಯನ್ನು ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರನ್ನು ಮಾತ್ರ ಹೇಳುವುದಿಲ್ಲ.

ಈ ರೋಗವೆಂದರೇನು? ನಮ್ಮ ಪ್ರಾಚೀನ ವೈದ್ಯರು ಶರೀರದ ಸಪ್ತಧಾತುಗಳನ್ನು ಎಣಿಸುವಾಗ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ ಇವುಗಳ ಬಳಿಕ ಮಜ್ಜೆಯನ್ನು ಹೇಳಿದರು. ಎಲುಬಿನ ಒಳಗಿರುವ ಮೆತ್ತನೆಯ ವಸ್ತುವೇ ಮಜ್ಜೆ. ರಕ್ತದ ಕಣಗಳು ಹುಟ್ಟುವುದು ಅಲ್ಲಿಯೇ ಎಂಬುದು ಇಂದಿನ ವಿಜ್ಞಾನದಿಂದ ತಿಳಿದ ಸಂಗತಿ. ಆ ಮಜ್ಜೆಯಲ್ಲಿ ಪ್ಲಾಸ್ಮಾ ಕೋಶಗಳೆಂಬ ಕೆಲವು ಕೋಶಗಳು ವಾಸಿಸುತ್ತವೆ. ಆರೋಗ್ಯವಂತನಲ್ಲಿ ಅವುಗಳ ಸಂಖ್ಯೆ ಬಹಳ ಕಡಮೆ. ಮಜ್ಜೆಯ ನೂರು ಕೋಶಗಳಲ್ಲಿ ಐದನ್ನು ಮೀರುವುದು ಅಪರೂಪ. ಶರೀರದೊಳಕ್ಕೆ ಬರುವ ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ.

ಒಂದು ಹೋಲಿಕೆಯನ್ನು ಕೊಡುತ್ತೇನೆ. ಊರಿನಲ್ಲಿ ಹಲವು ಕಮ್ಮಾರರಿದ್ದು, ಒಬ್ಬೊಬ್ಬನು ಒಂದೊಂದು ಬೀಗಕ್ಕೆ ಹೊಂದುವ ಕೀಲಿಕೈಯನ್ನು ಮಾಡುತ್ತಾನೆಂದು ಭಾವಿಸಿರಿ. ಅವರಲ್ಲೊಬ್ಬನು ಬುದ್ಧಿಗೆಟ್ಟು ಯಾವ ಬೀಗಕ್ಕೂ ಹೊಂದದ ಒಂದೇ ಕೀಲಿಕೈಯನ್ನು ಹಗಲಿರುಳು ಮಾಡತೊಡಗುತ್ತಾನೆ. ಅವನ ಮಕ್ಕಳು ಮೊಮ್ಮಕ್ಕಳೂ ಅದನ್ನೇ ಮಾಡುತ್ತಾರೆ. ಅವರ ಸಂತತಿ ಬೆಳೆದು ಉಳಿದ ಕಮ್ಮಾರರ ಮನೆಗಳನ್ನೆಲ್ಲ ಆಕ್ರಮಿಸುತ್ತದೆ. ಮೈಲೋಮಾದಲ್ಲಿ ನಡೆಯುವುದು ಹೀಗೆಯೇ. ಕೆಟ್ಟ ಒಂದು ಪ್ಲಾಸ್ಮಾ ಕೋಶದ ಸಂತಾನವು ಮಜ್ಜೆಯನ್ನು ತುಂಬಿ, ಪ್ರಯೋಜನವಿಲ್ಲದ ಒಂದೇ ಬಗೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತದೆ. ಸಂಸ್ಕೃತದಲ್ಲಿ ಅರ್ಬುದವೆಂದರೆ ಗಡ್ಡೆಯೂ ಹೌದು, ಹತ್ತು ಕೋಟಿಯ ಸಂಖ್ಯೆಯೂ ಹೌದು. ಒಂದರಿಂದ ಕೋಟಿಗಟ್ಟಲೆಯಾಗುವ ಈ ವ್ಯಾಧಿಗೆ ಆ ಶಬ್ದವು ಎರಡು ಅರ್ಥಗಳಲ್ಲಿಯೂ ಸಲ್ಲುತ್ತದೆ.

ಇದರಿಂದ ನಾಲ್ಕು ಕೇಡುಗಳು ಸಂಭವಿಸುತ್ತವೆ. ಮಜ್ಜೆಯಲ್ಲಿ ಕೆಂಪು ಕಣಗಳಿಗೆ ಎಡೆಯಿಲ್ಲದೆ ರಕ್ತಹೀನತೆಯುಂಟಾಗುತ್ತದೆ. ಎಲುಬನ್ನು ಕರಗಿಸುವ ಕೋಶಗಳು ಕೆರಳಿ, ಕಟ್ಟುವ ಕೋಶಗಳು ಮಂಕಾಗಿ, ಎಲುಬಿನಲ್ಲಿ ಗೆದ್ದಲು ತಿಂದಂತೆ ತೂತುಗಳಾಗುತ್ತವೆ. ಹಾಗೆ ಕರಗಿದ ಎಲುಬಿನ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ರಕ್ತದಲ್ಲಿ ಹೆಚ್ಚಿ ಬಾಯಾರಿಕೆ, ಮಲಬದ್ಧತೆ, ಮಂಪರು ಕಾಣಿಸುತ್ತವೆ. ನಿರುಪಯೋಗಿ ಪ್ರೋಟೀನಿನ ತುಣುಕುಗಳು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಂಡು ಅವನ್ನು ಕೆಡಿಸುತ್ತವೆ. ಇವಲ್ಲದೆ ಸರಿಯಾದ ಪ್ರತಿಕಾಯಗಳು ಕಡಮೆಯಾಗುವುದರಿಂದ ಕಫಜ್ವರ ಮೊದಲಾದ ಸೋಂಕುಗಳು ಮರಳಿ ಮರಳಿ ಬರುತ್ತವೆ.

ಸಾಮಾನ್ಯವಾಗಿ ಇದು ವಯಸ್ಸಾದವರ ರೋಗ. ರೋಗಿಗಳಲ್ಲಿ ಹೆಚ್ಚಿನವರು ಅರುವತ್ತರ ಆಸುಪಾಸಿನವರು ಅಥವಾ ಅದನ್ನು ದಾಟಿದವರು. ನಮ್ಮ ದೇಶದಲ್ಲಿ ಇದು ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆಂದು ವೈದ್ಯರು ಗಮನಿಸಿದ್ದಾರೆ. ನಾಲ್ವತ್ತಕ್ಕಿಂತ ಕೆಳಗಿನವರು ನೂರು ರೋಗಿಗಳಲ್ಲಿ ಸುಮಾರು ಇಬ್ಬರು. ಮೂವತ್ತಕ್ಕಿಂತ ಕೆಳಗಿನವರು ನೂರಕ್ಕೆ ಒಬ್ಬರೂ ಇಲ್ಲ. ಈ ಸಂಖ್ಯೆಗಳು ಸಮಾಧಾನವನ್ನು ಕೊಡತಕ್ಕವು. ಆದರೆ ಅಪಾಯವೂ ಇವುಗಳಲ್ಲಿಯೇ ಇದೆ. ಅಪರೂಪವಾದುದನ್ನು ಯಾರೂ ನೆನೆಯುವುದಿಲ್ಲ; ನೆನೆಯದುದನ್ನು ಹುಡುಕುವುದಿಲ್ಲ; ಹುಡುಕದಿದ್ದರೆ ಕಾಲವು ಕಳೆದುಹೋಗುತ್ತದೆ. ನನ್ನ ಶಿಷ್ಯನು ಐದು ತಿಂಗಳನ್ನು ಕಳೆದುಕೊಂಡುದು ಹೀಗೆಯೇ.

ವಿಚಿತ್ರವೆಂದರೆ, ವೈದ್ಯಗ್ರಂಥಗಳಲ್ಲಿ ಈ ರೋಗದ ಮೊದಲ ವಿವರವಾದ ವೃತ್ತಾಂತವೇ ನಾಲ್ವತ್ತು ತುಂಬದವಳೊಬ್ಬಳದು. ಲಂಡನ್ ನಗರದ ಸಾರಾ ನ್ಯೂಬರಿ ಎಂಬ ಗೃಹಿಣಿಗೆ ಆಗ ಮೂವತ್ತೊಂಬತ್ತು ವರ್ಷ. ಕೆಲವು ವರ್ಷಗಳಿಂದ ಆಯಾಸವೂ ಎಲುಬುಗಳ ನೋವೂ ಅವಳನ್ನು ಕಾಡುತ್ತಿದ್ದವು. ಒಂದು ದಿನ ಗಂಡನು ಅವಳನ್ನು ಎತ್ತಿ ಹಾಸಿಗೆಗೆ ಒಯ್ಯುವಾಗ ತೊಡೆಯ ಎಲುಬುಗಳು ಮುರಿದವು. ಪ್ರೀತಿಯಿಂದ ಎತ್ತಿದ ಕೈಗಳೇ ಮುರಿತಕ್ಕೆ ನಿಮಿತ್ತವಾದುವಲ್ಲ ಎಂದು ಆ ಗಂಡನು ಎಷ್ಟು ಮರುಗಿದನೋ! ಅವಳು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ೧೮೪೪ರ ಎಪ್ರಿಲ್ ತಿಂಗಳಿನಲ್ಲಿ ತೀರಿಕೊಂಡಳು. ಸ್ಯಾಮ್ಯುಯೆಲ್ ಸಾಲಿ ಎಂಬ ಶಸ್ತ್ರವೈದ್ಯನು ಅವಳ ಎಲುಬುಗಳನ್ನು ಪರೀಕ್ಷಿಸಿ, ಮಜ್ಜೆಯ ಸ್ಥಾನದಲ್ಲಿ ಕೆಂಪು ಪದಾರ್ಥವು ತುಂಬಿದುದನ್ನು ಬರೆದಿಟ್ಟನು.

ಮರುವರ್ಷ ಅದೇ ನಗರದ ಥಾಮಸ್ ಅಲೆಕ್ಸಾಂಡರ್ ಮೆಕ್‌ಬೀನ್ ಎಂಬ ವ್ಯಾಪಾರಿಯ ಮೂತ್ರವನ್ನು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯನಿಗೆ ಪರೀಕ್ಷೆಗಾಗಿ ಕಳುಹಿಸಿದರು. ಬೆಚ್ಚಗೆ ಮಾಡಿದರೆ ಗಟ್ಟಿಕಟ್ಟುವ, ಕುದಿಸಿದರೆ ಕರಗುವ, ತಣಿದರೆ ಮರಳಿ ಕಾಣಿಸುವ ಒಂದು ವಿಚಿತ್ರ ಪ್ರೋಟೀನು ಅದರಲ್ಲಿತ್ತು. ಇಂದಿಗೂ ಅದಕ್ಕೆ ಬೆನ್ಸ್ ಜೋನ್ಸ್ ಪ್ರೋಟೀನೆಂದೇ ಹೆಸರು. ಮೆಕ್‌ಬೀನನು ೧೮೪೬ರ ಜನವರಿ ೧ರಂದು ಮೃತನಾದನು. ರೋಗಕ್ಕೆ ಈಗಿನ ಹೆಸರನ್ನು ೧೮೭೩ರಲ್ಲಿ ರುಸ್ಟಿಟ್ಸ್ಕಿ ಎಂಬ ವಿದ್ವಾಂಸನು ಇಟ್ಟನು. ಗ್ರೀಕ್ ಭಾಷೆಯ ಮಜ್ಜೆಯೆಂಬ ಅರ್ಥದ ಶಬ್ದದಿಂದ ಅದು ಹುಟ್ಟಿತು.

ಇನ್ನು, ಎಳೆಯ ವಯಸ್ಸಿನವರಲ್ಲಿ ಈ ಕುಲದ ರೋಗಗಳು ಧರಿಸುವ ವೇಷಗಳನ್ನು ನೋಡೋಣ. ವೇಷವೆಂಬ ಮಾತನ್ನು ತಿಳಿದೇ ಬಳಸುತ್ತೇನೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಹೊರಟವನನ್ನು ನೆರೆಮನೆಯವರೂ ಗುರುತಿಸಲಾರರಷ್ಟೆ.

ಕೆಲವರಲ್ಲಿ ಅದು ಒಂದೇ ಕಡೆ ಗಡ್ಡೆಯಾಗಿ ನಿಲ್ಲುತ್ತದೆ. ಇದಕ್ಕೆ ಪ್ಲಾಸ್ಮಾಸೈಟೋಮಾ ಎಂದು ಹೆಸರು. ಬೆನ್ನುಮೂಳೆ, ಪಕ್ಕೆಲುಬು, ತಲೆಬುರುಡೆ, ದವಡೆ, ಎಲ್ಲಿಯಾದರೂ ಅದು ಬರಬಹುದು. ದವಡೆಯಲ್ಲಿ ಬಂದರೆ ಹಲ್ಲು ಅಲುಗಾಡುತ್ತದೆ, ಕೆನ್ನೆ ಊದುತ್ತದೆ; ಹಲ್ಲಿನ ಹುಳುಕೆಂದು ತಿಳಿದು ಹಲ್ಲನ್ನು ಕೀಳಿಸುವವರಿದ್ದಾರೆ. ಎಲುಬಿನ ಹೊರಗೆ ಬೆಳೆಯುವ ಇಂತಹ ಗಡ್ಡೆಗಳಲ್ಲಿ ಸುಮಾರು ನಾಲ್ಕು ಪಾಲು ಮೂರು ಪಾಲಿಗಿಂತಲೂ ಹೆಚ್ಚಿನವು ಮೂಗು, ಗಂಟಲು, ತಲೆ, ಕುತ್ತಿಗೆಗಳ ಭಾಗದಲ್ಲಿಯೇ ಕಾಣುತ್ತವೆ. ಒಂದೇ ಹೊಳ್ಳೆ ತಿಂಗಳುಗಟ್ಟಲೆ ಕಟ್ಟಿಕೊಂಡು ಅದರಿಂದ ರಕ್ತ ಬರುತ್ತಿದ್ದರೆ ಅದನ್ನು ಬರಿಯ ನೆಗಡಿಯೆಂದು ಬಿಡಬಾರದು.

ಕೆಲವರಲ್ಲಿ ಮೊದಲು ಸೋಲುವುದು ಕಾಲು. ಬೆನ್ನುಹುರಿಯನ್ನು ಗಡ್ಡೆ ಒತ್ತಿದಾಗ ಕಾಲುಗಳಲ್ಲಿ ಜೋಮು ಹಿಡಿಯುತ್ತದೆ, ನಡಿಗೆ ತಡವರಿಸುತ್ತದೆ, ಮಲಮೂತ್ರಗಳ ಹತೋಟಿ ತಪ್ಪುತ್ತದೆ. ಎಳೆಯ ವಯಸ್ಸಿನಲ್ಲಿ ಇದನ್ನು ಬೆನ್ನುಮೂಳೆಯ ಕ್ಷಯವೆಂದು ಭಾವಿಸುವುದುಂಟು. ನಮ್ಮ ದೇಶದಲ್ಲಿ ಕ್ಷಯವು ಹೆಚ್ಚಾದುದರಿಂದ ಆ ಸಂಶಯವು ಸಹಜವೇ. ಆದರೆ ಯಾವುದೆಂಬುದು ಪರೀಕ್ಷೆಯಿಂದಲೇ ನಿರ್ಧಾರವಾಗಬೇಕು. ಕಾಲಿನ ಶಕ್ತಿ ಹೋಗತೊಡಗಿದರೆ ನಾಳೆಗೆಂದು ಕಾಯಬಾರದು. ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಕೆಲವರಿಗೆ ಎಲುಬಿನಲ್ಲಿ ನೋವೇ ಇರುವುದಿಲ್ಲ. ವಾಕರಿಕೆ, ಕಾಲುಗಳ ಬಾವು, ನೊರೆಗಟ್ಟುವ ಮೂತ್ರ ಇವುಗಳಿಂದ ಆಸ್ಪತ್ರೆ ಸೇರಿದಾಗ ಮೂತ್ರಪಿಂಡಗಳು ಕೆಟ್ಟಿರುವುದು ತಿಳಿಯುತ್ತದೆ. ಕಾರಣವನ್ನು ಹುಡುಕುತ್ತ ಹೋದಾಗ ಮಜ್ಜೆಯೊಳಗಿನ ಕಳ್ಳನು ಸಿಕ್ಕಿಬೀಳುತ್ತಾನೆ. ಇನ್ನು ಕೆಲವರಲ್ಲಿ ಕೆಟ್ಟ ಕೋಶಗಳು ಮಜ್ಜೆಯನ್ನು ಮೀರಿ ರಕ್ತದಲ್ಲಿಯೇ ಹರಿಯತೊಡಗುತ್ತವೆ. ಪ್ಲಾಸ್ಮಾ ಕೋಶದ ಲ್ಯುಕೇಮಿಯಾ ಎಂಬ ಈ ರೂಪವು ಅತ್ಯಂತ ಉಗ್ರವಾದುದು. ಮತ್ತೆ ಅಪರೂಪಕ್ಕೆ ಕೆಲವರಲ್ಲಿ ಕೋಶಗಳು ಪ್ರೋಟೀನನ್ನು ಹೊರಕ್ಕೆ ಬಿಡುವುದೇ ಇಲ್ಲ. ಅಂತಹವರ ರಕ್ತ ಮೂತ್ರಗಳ ಪರೀಕ್ಷೆಯಲ್ಲಿ ಆ ಪ್ರೋಟೀನು ಕಾಣಿಸದೆ, ಚಿತ್ರಗಳೂ ಮಜ್ಜೆಯ ಪರೀಕ್ಷೆಯೂ ಮಾತ್ರ ನಿಜವನ್ನು ಹೇಳುತ್ತವೆ.

ಇಷ್ಟನ್ನು ಕೇಳಿ, ಸೊಂಟ ಹಿಡಿದವರೆಲ್ಲರೂ ನಾಳೆ ಬೆಳಿಗ್ಗೆ ಭಯಗೊಂಡು ಏಳುವಂತಾದರೆ ನನ್ನ ಮಾತು ಕೆಟ್ಟಿತು. ಸೊಂಟನೋವಿನಲ್ಲಿ ಬಹುಪಾಲು ಕೆಲಸದ ಶ್ರಮದಿಂದ ಬಂದುದೇ. ಕೆಲವು ವಾರಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಇಳಿಯದುದನ್ನು ಮಾತ್ರ ಗುರುತಿಸಬೇಕು. ಮಲಗಿದರೂ ಬಿಡದ ನೋವು, ರಾತ್ರಿ ಎಬ್ಬಿಸುವ ನೋವು, ದಿನದಿನಕ್ಕೆ ಏರುವ ನೋವು. ಅದರೊಡನೆ ಬಿಳಿಚಿದ ಮುಖ, ಮೆಟ್ಟಿಲು ಹತ್ತಿದರೆ ಏದುಸಿರು, ಇಳಿಯುವ ತೂಕ, ಪದೇ ಪದೇ ಬರುವ ಜ್ವರ. ಕಬ್ಬಿಣಾಂಶದ ಮಾತ್ರೆಗಳನ್ನು ಕ್ರಮವಾಗಿ ನುಂಗಿದರೂ ರಕ್ತಹೀನತೆ ನೀಗದಿದ್ದರೆ ಅದೂ ಒಂದು ಸೂಚನೆ. ಇವುಗಳಲ್ಲಿ ಎರಡು ಮೂರು ಕೂಡಿದಲ್ಲಿ ವಯಸ್ಸನ್ನು ನೋಡಿ ಸುಮ್ಮನಾಗಬಾರದು.

ಮೊದಲ ಪರೀಕ್ಷೆಗಳು ದೊಡ್ಡವಲ್ಲ. ರಕ್ತಕಣಗಳ ಎಣಿಕೆ, ಈಎಸ್‌ಆರ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ರಕ್ತದ ಒಟ್ಟು ಪ್ರೋಟೀನು ಮತ್ತು ಅದರಲ್ಲಿ ಆಲ್ಬುಮಿನ್ ಎಷ್ಟು, ಗ್ಲೋಬುಲಿನ್ ಎಷ್ಟು ಎಂಬುದು, ನೋಯುವ ಜಾಗದ ಎಕ್ಸ್‌ರೇ: ಇಷ್ಟನ್ನು ಪೇಟೆಯ ಪ್ರಯೋಗಶಾಲೆಗಳಲ್ಲಿಯೂ ಮಾಡಿಸಬಹುದು. ಈಎಸ್‌ಆರ್ ನೂರನ್ನು ಮೀರಿದ್ದರೆ ಅಥವಾ ಗ್ಲೋಬುಲಿನ್ ಅಳತೆಗೆಟ್ಟು ಏರಿದ್ದರೆ ವೈದ್ಯರು ಮುಂದಿನ ಮೆಟ್ಟಿಲನ್ನು ಹತ್ತುತ್ತಾರೆ. ಪ್ರೋಟೀನುಗಳನ್ನು ವಿದ್ಯುತ್ತಿನ ಬಲದಿಂದ ಬಿಡಿಸಿ ನೋಡುವ ಎಲೆಕ್ಟ್ರೊಫೊರೆಸಿಸ್ ಎಂಬ ಪರೀಕ್ಷೆ, ಲೈಟ್ ಚೈನ್ ಎಂಬ ತುಣುಕುಗಳ ಅಳತೆ, ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರ, ಕೊನೆಗೆ ಸೊಂಟದ ಎಲುಬಿನಿಂದ ಸ್ವಲ್ಪ ಮಜ್ಜೆಯನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ಆ ಮೆಟ್ಟಿಲುಗಳು.

ಇಲ್ಲಿ ಮೂರು ಮಾತುಗಳನ್ನು ತಾಯಂದಿರು ವಿಶೇಷವಾಗಿ ನೆನಪಿಡಬೇಕು. ಒಂದು: ಎಲುಬಿನ ಮೂರನೆಯ ಒಂದು ಪಾಲಾದರೂ ಕರಗುವ ತನಕ ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಾಣದಿರಬಹುದು. ಆದುದರಿಂದ ಚಿತ್ರ ಸರಿಯಾಗಿದ್ದು ನೋವು ಮಾತ್ರ ಬಿಡದಿದ್ದರೆ ಮರಳಿ ಹೋಗಬೇಕು. ಎರಡು: ಮೂತ್ರದಲ್ಲಿ ಕಾಗದದ ಪಟ್ಟಿಯನ್ನು ಅದ್ದಿ ನೋಡುವ ಪರೀಕ್ಷೆಯು ಮುಖ್ಯವಾಗಿ ಆಲ್ಬುಮಿನನ್ನು ತೋರಿಸುತ್ತದೆ, ಬೆನ್ಸ್ ಜೋನ್ಸ್ ಪ್ರೋಟೀನು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಮೂರು: ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಈ ರೋಗದಲ್ಲಿ ಮೂತ್ರಪಿಂಡಗಳಿಗೆ ಕೊಡಲಿಯ ಪೆಟ್ಟು. ನನ್ನ ಶಿಷ್ಯನು ಮೂರು ತಿಂಗಳು ನುಂಗಿದುದು ಅವುಗಳನ್ನೇ. ವೈದ್ಯರ ಚೀಟಿಯಿಲ್ಲದೆ ಅವನ್ನು ವಾರಗಟ್ಟಲೆ ನುಂಗುವ ಅಭ್ಯಾಸವು ಯಾವ ರೋಗದಲ್ಲಿಯೂ ಒಳ್ಳೆಯದಲ್ಲ.

ಚಿಕಿತ್ಸೆಯಿದೆಯೇ ಎಂದು ನೀವು ಕೇಳಬಹುದು. ಇದೆ. ಒಂದೇ ಗಡ್ಡೆಯಾಗಿದ್ದಲ್ಲಿ ಕಿರಣ ಚಿಕಿತ್ಸೆಯಿಂದ, ಅದರಲ್ಲಿಯೂ ಮೂಗು ಗಂಟಲುಗಳ ಗಡ್ಡೆಗಳಲ್ಲಿ, ಅನೇಕರು ಪೂರ್ಣವಾಗಿ ಗುಣ ಹೊಂದುತ್ತಾರೆ. ಮಜ್ಜೆಯನ್ನೆಲ್ಲ ವ್ಯಾಪಿಸಿದ ಮೈಲೋಮಾವನ್ನು ಬೇರುಸಹಿತ ಕೀಳುವುದು ಸಾಮಾನ್ಯವಾಗಿ ಇನ್ನೂ ಸಾಧ್ಯವಾಗಿಲ್ಲ. ಆದರೆ ಅದನ್ನು ವರ್ಷಾನುವರ್ಷ ಹತೋಟಿಯಲ್ಲಿಡಬಹುದು. ಒಂದು ಕಾಲದಲ್ಲಿ ರೋಗಿಗೆ ನೋವಡಗಿಸುವ ಔಷಧಗಳ ಹೊರತು ಗತಿಯಿರಲಿಲ್ಲ. ೧೯೫೮ರಿಂದ ೧೯೬೨ರ ಅವಧಿಯಲ್ಲಿ ಮೆಲ್ಫಲಾನ್ ಎಂಬ ಔಷಧದ ಗುಣವು ತಿಳಿಯಿತು. ಬಸುರಿಯರು ಸೇವಿಸಿ ಸಾವಿರಾರು ಶಿಶುಗಳು ಅಂಗಹೀನರಾಗಿ ಹುಟ್ಟಿದುದರಿಂದ ೧೯೬೧ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟ ಥಾಲಿಡೊಮೈಡ್ ಎಂಬ ಕುಪ್ರಸಿದ್ಧ ಮದ್ದೇ ಈ ರೋಗದಲ್ಲಿ ಫಲಕಾರಿಯೆಂದು ೧೯೯೯ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ವಿಷವೂ ಬಲ್ಲವನ ಕೈಯಲ್ಲಿ ಔಷಧವಾದೀತು. ಅದರ ಕುಲದ ಲೆನಾಲಿಡೊಮೈಡ್, ೨೦೦೩ರಲ್ಲಿ ಬಂದ ಬೋರ್ಟೆಝೊಮಿಬ್ ಇವು ಈಗ ನಮ್ಮ ದೇಶದಲ್ಲಿಯೇ ತಯಾರಾಗುತ್ತವೆ.

ಇನ್ನೊಂದು ಸ್ವಾರಸ್ಯವನ್ನು ವಿದ್ಯಾರ್ಥಿಗಳು ಕೇಳಬೇಕು. ೧೯೭೫ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಎಂಬ ವಿಜ್ಞಾನಿಗಳು ಇಲಿಯ ಮೈಲೋಮಾ ಕೋಶವನ್ನು ಒಳ್ಳೆಯ ಕೋಶದೊಡನೆ ಬೆಸೆದು, ಬೇಕಾದ ಒಂದೇ ಪ್ರತಿಕಾಯವನ್ನು ಎಡೆಬಿಡದೆ ತಯಾರಿಸುವ ವಿದ್ಯೆಯನ್ನು ಕಂಡುಹಿಡಿದರು. ೧೯೮೪ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಬುದ್ಧಿಗೆಟ್ಟ ಕಮ್ಮಾರನ ಹಟವನ್ನೇ ಅವರು ಕೆಲಸಕ್ಕೆ ಹಚ್ಚಿದರು. ಅಂತಹ ಪ್ರತಿಕಾಯದ ಔಷಧವೊಂದು, ಡಾರಾಟುಮುಮಾಬ್, ೨೦೧೫ರಿಂದ ಮೈಲೋಮಾದ ಚಿಕಿತ್ಸೆಗೇ ಬಂದಿದೆ.

ಎಳೆಯರಿಗೆ ದೇಹಶಕ್ತಿ ಇರುವುದರಿಂದ ಇನ್ನೊಂದು ದಾರಿಯೂ ತೆರೆದಿದೆ. ಅವರದೇ ಮೂಲಕೋಶಗಳನ್ನು ಮೊದಲು ತೆಗೆದಿಟ್ಟು, ಬಲವಾದ ಔಷಧದಿಂದ ಮಜ್ಜೆಯನ್ನು ಶುದ್ಧಿಗೊಳಿಸಿ, ಆ ಕೋಶಗಳನ್ನು ಮರಳಿ ಕೊಡುವ ಕಸಿಯ ಚಿಕಿತ್ಸೆಯದು. ನಾವು ನೇಜಿಯನ್ನು ಬೇರೆ ಕಡೆ ಕಾಪಾಡಿ, ಗದ್ದೆಯನ್ನು ಉತ್ತು ಹಸನುಮಾಡಿದ ಮೇಲೆ ನೆಡುವುದಿಲ್ಲವೇ? ಹಾಗೆ. ಕಿರಿಯ ರೋಗಿಗಳಲ್ಲಿ ಹಲವರು ಹತ್ತು ವರ್ಷಗಳನ್ನು ದಾಟಿ ಬಾಳುತ್ತಿದ್ದಾರೆ. ಮಕ್ಕಳಾಗಬೇಕೆಂಬ ಆಸೆಯುಳ್ಳವರು ಚಿಕಿತ್ಸೆಯ ಮೊದಲೇ ಅದನ್ನು ಸಂಕೋಚವಿಲ್ಲದೆ ವೈದ್ಯರಲ್ಲಿ ಹೇಳಬೇಕು. ಅನಂತರ ಹೇಳಿದರೆ ತಡವಾದೀತು.

ಸಿನಿಮಾ ನೋಡುವವರಿಗೆ ಲೀಸಾ ರೇ ಎಂಬ ನಟಿಯ ಹೆಸರು ತಿಳಿದಿರಬಹುದು. ಶಿವರಾಜಕುಮಾರರ ಜತೆಯಲ್ಲಿ ೨೦೦೧ರ 'ಯುವರಾಜ' ಎಂಬ ಕನ್ನಡ ಚಿತ್ರದಲ್ಲಿಯೂ ಅಭಿನಯಿಸಿದವರು. ೨೦೦೯ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಇವರಿಗೆ ಈ ರೋಗವಿರುವುದು ತಿಳಿಯಿತು. ಆಕೆ ಅದನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದರು. ಕಸಿಯ ಚಿಕಿತ್ಸೆಯನ್ನು ಪಡೆದರು. ತಮ್ಮ ಅನುಭವವನ್ನು ೨೦೧೯ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ರೂಪವೂ ಯೌವನವೂ ಕೀರ್ತಿಯೂ ಈ ರೋಗವನ್ನು ತಡೆಯಲಾರವು. ಆದರೆ ಮುಚ್ಚುಮರೆಯಿಲ್ಲದ ಮಾತೂ ಸಕಾಲದ ಚಿಕಿತ್ಸೆಯೂ ಬದುಕನ್ನು ಮರಳಿ ಕೊಡಬಲ್ಲವು.

ಇನ್ನು ನಮ್ಮ ಊರಿನ ಒಂದು ಪ್ರಶ್ನೆ. ಕಾರಡ್ಕ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು, ಬದಿಯಡ್ಕ, ಎಣ್ಮಕಜೆ ಈ ಪಂಚಾಯತುಗಳ ಹೆಸರು ಕೇಳಿದರೆ ಹೊರಗಿನವರಿಗೆ ಎಂಡೋಸಲ್ಫಾನ್ ನೆನಪಾಗುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ, ೨೦೦೦ದ ವರೆಗೆ, ಆ ವಿಷವನ್ನು ಸಿಂಪಡಿಸಿದರು. ಸರ್ವೋಚ್ಚ ನ್ಯಾಯಾಲಯವು ೨೦೧೧ರ ಮೇ ೧೩ರಂದು ದೇಶದಾದ್ಯಂತ ಅದನ್ನು ನಿಲ್ಲಿಸಿತು. ಆ ಗಾಯವು ನಮ್ಮ ಮನೆಗಳಲ್ಲಿ ಇನ್ನೂ ಮಾಯದಿರುವುದರಿಂದ ಯಾವ ದೊಡ್ಡ ರೋಗ ಬಂದರೂ 'ಅದೇ ವಿಷ' ಎಂಬ ಮಾತು ಬಾಯಿಗೆ ಬರುತ್ತದೆ. ನನ್ನ ಶಿಷ್ಯನ ತಾಯಿಯೂ ಅದನ್ನೇ ಕೇಳಿದರು. ಕೀಟನಾಶಕಗಳೊಡನೆ ಹೆಚ್ಚಾಗಿ ಕೆಲಸ ಮಾಡುವ ಕೃಷಿಕರಲ್ಲಿ ಮೈಲೋಮಾ ಮತ್ತು ಅದರ ಪೂರ್ವಸ್ಥಿತಿ ಸ್ವಲ್ಪ ಹೆಚ್ಚೆಂದು ಬೇರೆ ದೇಶಗಳ ಕೆಲವು ಅಧ್ಯಯನಗಳು ಹೇಳುತ್ತವೆ. ಆದರೆ ಒಬ್ಬ ರೋಗಿಯನ್ನು ತೋರಿಸಿ ಇವನಿಗೆ ಇದರಿಂದಲೇ ಬಂತೆಂದು ಹೇಳುವುದು ವಿಜ್ಞಾನದ ಮಾರ್ಗವಲ್ಲ. ನ್ಯಾಯಕ್ಕಾಗಿ ಕೇಳುವುದು ನಮ್ಮ ಹಕ್ಕು. ಕಾರಣದ ಚರ್ಚೆಯಲ್ಲಿ ಪರೀಕ್ಷೆಯನ್ನು ಮರೆಯದಿರುವುದು ನಮ್ಮ ಕರ್ತವ್ಯ. ಮದ್ದು ಬಿಡುವವರು ಕೈ ಮೈ ಮುಖಗಳನ್ನು ಮುಚ್ಚಿಕೊಂಡು ಕೆಲಸ ಮಾಡುವುದಂತೂ ಇಂದೇ ಆರಂಭವಾಗಬೇಕು.

ಬಂಧುಗಳೇ, ಕನ್ನಡ ಸಂಘದ ವೇದಿಕೆಯಲ್ಲಿ ರೋಗದ ಮಾತೇಕೆಂದು ಕೆಲವರಿಗೆ ಇನ್ನೂ ತೋರುತ್ತಿರಬಹುದು. ಅದಕ್ಕೆ ಈಗ ಉತ್ತರ ಹೇಳುತ್ತೇನೆ. ೧೯೫೬ರ ನವಂಬರ್ ೧ರಂದು ರಾಜ್ಯಗಳ ಗೆರೆಗಳನ್ನು ಎಳೆದಾಗ ನಾವು ಕೇರಳದಲ್ಲಿ ಉಳಿದೆವು. ಆದರೆ ಕಾಯಿಲೆ ಬಿದ್ದಾಗ ನಮ್ಮ ಹಿರಿಯರು ಹಿಡಿದ ಮಂಗಳೂರಿನ ದಾರಿಯನ್ನೇ ನಾವೂ ಹಿಡಿದೆವು. ೨೦೨೦ರ ಮಾರ್ಚಿಯಲ್ಲಿ ಕೋವಿಡ್ ಭಯದಿಂದ ಕರ್ನಾಟಕವು ಗಡಿಯನ್ನು ಮುಚ್ಚಿ ದಾರಿಗಳಿಗೆ ಮಣ್ಣು ಸುರಿಸಿದಾಗ, ತಲಪಾಡಿಯನ್ನು ದಾಟಲಾರದೆ ಈ ಜಿಲ್ಲೆಯ ಹಲವು ರೋಗಿಗಳು ಪ್ರಾಣ ಬಿಟ್ಟರು. ತುರ್ತು ರೋಗಿಗಳಿಗೆ ದಾರಿ ಬಿಡಬೇಕೆಂದು ಕೇರಳದ ಉಚ್ಚ ನ್ಯಾಯಾಲಯವು ಎಪ್ರಿಲ್ ೧ರಂದು ಹೇಳಬೇಕಾಯಿತು. ಗಡಿಯೆಂಬುದು ನಮಗೆ ಭೂಪಟದ ಗೆರೆಯಲ್ಲ, ಉಸಿರಿನ ಪ್ರಶ್ನೆ ಎಂಬುದು ಆಗ ತಿಳಿಯಿತು. ಈಗಲೂ ನಮ್ಮ ರೋಗಿಗಳಲ್ಲಿ ಒಬ್ಬನು ಮಂಗಳೂರಿಗೆ, ಒಬ್ಬನು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರಕ್ಕೆ, ಒಬ್ಬನು ತಿರುವನಂತಪುರಕ್ಕೆ, ಒಬ್ಬನು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾನೆ.

ಎಲ್ಲಿ ಹೋದರೂ ಅವನು ಮೊದಲು ಒಯ್ಯಬೇಕಾದುದು ತನ್ನ ನೋವಿನ ಕಥೆಯನ್ನು. ಅದು ಅವನ ಭಾಷೆಯಲ್ಲಿದೆ. ಮನೆಯಲ್ಲಿ ತುಳುವೋ ಹವಿಗನ್ನಡವೋ ಕರಾಡವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲೆಯಾಳ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು: ಈ ನಾಲ್ಕು ಹೊಳೆಗಳನ್ನು ದಾಟುವಾಗ ಅರ್ಧ ಕಥೆ ನೀರುಪಾಲಾಗುತ್ತದೆ. ನಮ್ಮಲ್ಲಿ ನೋವಿಗೆ ಎಷ್ಟು ಮಾತುಗಳಿವೆ! ಬೇನೆ, ಸೆಳೆತ, ಚಳಕು, ಉರಿ, ಕುತ್ತು, ಜೋಮು, ಹಿಡಿತ. ಚಳಕು ಮಿಂಚಿನಂತೆ ಬಂದು ಹೋಗುವುದು. ಹಿಡಿತ ಬಿಗಿಯಾಗಿ ನಿಲ್ಲುವುದು. ಜೋಮು ಅರಿವನ್ನೇ ಮಂಕುಮಾಡುವುದು. ಬಲ್ಲ ವೈದ್ಯನಿಗೆ ಒಂದೊಂದು ಮಾತೂ ಒಂದೊಂದು ದಾರಿಯನ್ನು ತೋರಿಸೀತು. ನನ್ನ ಶಿಷ್ಯನು ಮೊದಲ ಬಾರಿ ಆಸ್ಪತ್ರೆಗೆ ಹೋದಾಗ ಅರ್ಥವಾಗದ ಪ್ರಶ್ನೆಗಳಿಗೆಲ್ಲ ತಲೆಯಾಡಿಸಿ, "ಸೊಂಟ ನೋವು" ಎಂದಷ್ಟೇ ಹೇಳಿ ಬಂದಿದ್ದನು. ರಾತ್ರಿಯ ನೋವನ್ನು ಹೇಳಲಿಲ್ಲ, ಏದುಸಿರನ್ನು ಹೇಳಲಿಲ್ಲ, ಮಾತ್ರೆಗಳ ಲೆಕ್ಕವನ್ನು ಹೇಳಲಿಲ್ಲ. ಪ್ರಬಂಧ ಬರೆಯುವುದನ್ನು ಅವನಿಗೆ ಮೂರು ವರ್ಷ ಕಲಿಸಿದವನು ನಾನು. ಮಳೆಗಾಲದ ಮೇಲೆ, ದೀಪಾವಳಿಯ ಮೇಲೆ ಬರೆಯಿಸಿದೆನು. ತನ್ನ ದೇಹದ ಸ್ಥಿತಿಯನ್ನು ಹತ್ತು ವಾಕ್ಯಗಳಲ್ಲಿ ಹೇಳುವುದನ್ನು ಕಲಿಸಲಿಲ್ಲ.

ಆದುದರಿಂದ ಸಂಘಕ್ಕೆ ನನ್ನದೊಂದು ವಿನಂತಿ. ವೈದ್ಯರಲ್ಲಿಗೆ ಹೋಗುವವರು ಒಂದು ಹಾಳೆಯಲ್ಲಿ ಕೆಲವು ಸಂಗತಿಗಳನ್ನು ಬರೆದುಕೊಂಡು ಹೋಗಲಿ: ನೋವು ಯಾವ ತಿಂಗಳಿನಿಂದ, ಎಲ್ಲಿ, ಎಂತಹದು; ರಾತ್ರಿ ಎಬ್ಬಿಸುತ್ತದೆಯೇ; ತೂಕ ಇಳಿದಿದೆಯೇ; ಜ್ವರ ಎಷ್ಟು ಸಲ ಬಂತು; ಕೈಕಾಲುಗಳ ಬಲ ಹೇಗಿದೆ; ಮೂತ್ರ ಹೇಗಿದೆ; ಯಾವ ಯಾವ ಮದ್ದನ್ನು ಎಷ್ಟು ದಿನ ಸೇವಿಸಿದ್ದಾಯಿತು. ಬರೆಯಲಾರದವರಿಗೆ ನಮ್ಮ ಪ್ರೌಢಶಾಲೆಯ ಮಕ್ಕಳು ಬರೆದುಕೊಡಲಿ. ಅದನ್ನು ಮಲೆಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ತಿಳಿಸಬಲ್ಲ ಇಬ್ಬರು ಮೂವರು ತರುಣರ ಹೆಸರು ಸಂಘದಲ್ಲಿರಲಿ. ಹಳೆಯ ಪರೀಕ್ಷೆಗಳ ಕಾಗದಗಳನ್ನು ಬಿಸಾಡದೆ ಒಂದು ಚೀಲದಲ್ಲಿ ಕಾಪಾಡುವ ಅಭ್ಯಾಸವನ್ನು ಮನೆಮನೆಯಲ್ಲಿಯೂ ಬೆಳೆಸೋಣ. ಇದಕ್ಕೆ ದೊಡ್ಡ ಹಣ ಬೇಡ. ಭಾಷೆಯ ಸೇವೆಯೆಂದರೆ ವೇದಿಕೆಯ ಮೇಲಿನ ಜಯಕಾರ ಮಾತ್ರವಲ್ಲ; ನೊಂದವನ ಮಾತು ಪೂರ್ಣವಾಗಿ ಕೇಳಬೇಕಾದವರ ಕಿವಿಗೆ ತಲುಪುವಂತೆ ಮಾಡುವುದೂ ಭಾಷಾಸೇವೆಯೇ.

ನನ್ನ ಶಿಷ್ಯನ ಸುದ್ದಿಯನ್ನು ಹೇಳಿ ಮುಗಿಸುತ್ತೇನೆ. ಎರಡನೆಯ ಸಲ ಅವನೊಡನೆ ನಾನೂ ಹೋದೆನು. ಹಾಳೆಯಲ್ಲಿ ಬರೆದು ಒಯ್ದೆವು. ತರುಣಿಯಾದ ವೈದ್ಯೆಯೊಬ್ಬರು ಅದನ್ನು ತಾಳ್ಮೆಯಿಂದ ಓದಿಸಿ ಕೇಳಿ, ಮುಂದಿನ ಪರೀಕ್ಷೆಗಳಿಗೆ ಬರೆದುಕೊಟ್ಟರು. ಮೂತ್ರಪಿಂಡಗಳು ಬಹುಮಟ್ಟಿಗೆ ಚೇತರಿಸಿದವು. ಔಷಧಗಳಾದವು, ಕಸಿಯ ಚಿಕಿತ್ಸೆಯಾಯಿತು. ಅವನ ಎತ್ತರ ಎರಡು ಬೆರಳು ಕಡಮೆಯಾಗಿ ಉಳಿದಿದೆ; ಮರ ಹತ್ತುವಂತಿಲ್ಲ. ರಸ್ತೆಯ ಬದಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಮಗಳನ್ನು ಕನ್ನಡ ಶಾಲೆಗೆ ಸೇರಿಸಿದ್ದಾನೆ. ರೋಗವು ಮರಳಬಹುದೆಂಬುದು ಅವನಿಗೆ ಗೊತ್ತು. ತಪಾಸಣೆಯ ದಿನವನ್ನು ಅವನು ತಪ್ಪಿಸುವುದಿಲ್ಲ. ಮೊನ್ನೆ ಅಂಗಡಿಯಲ್ಲಿ ನಾನು ಮೊಣಕಾಲನ್ನು ತಿಕ್ಕಿಕೊಳ್ಳುತ್ತ ಕುಳಿತುದನ್ನು ನೋಡಿ, "ಮಾಷ್ಟ್ರೇ, ಎಷ್ಟು ದಿನದಿಂದ ಉಂಟು? ರಾತ್ರಿ ಎಬ್ಬಿಸ್ತದಾ?" ಎಂದು ಕೇಳಿದನು. ಅಂದು ಅವನನ್ನು ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು.

ನಿಮ್ಮ ಮನೆಯ ಎಳೆಯರು ನೋವೆಂದಾಗ ಆ ಪ್ರಶ್ನೆಯನ್ನು ನೀವು ಕೇಳಿರಿ. ಉತ್ತರವನ್ನು ಕೊನೆಯ ತನಕ ಆಲಿಸಿರಿ.